ಚಿತ್ರ ಎಲ್ಲಿದೆ?

ನಮಸ್ಕಾರ. ಹೆಣ್ಣಿನ ಮೇಲಿನ ಹಿಂಸೆ, ಮುಪ್ಪು, ಮಾಯುವ ಗಾಯ, ಇವನ್ನೆಲ್ಲ ಕಲಾವಿದೆಯರು ಹೇಗೆ ಕಂಡಿದ್ದಾರೆ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇರುವ ಹಾಗೇ ಹಾಕಲು ಆಗುವುದಿಲ್ಲ. ಹಾಗಂತ ಬೇಡವೂ ಅಲ್ಲ, ತಿದ್ದಿ ಕಳಿಸಿ. ಮುಂದಿನ ಮಾತು ಸ್ವಲ್ಪ ಖಾರ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು 'ನೋವು' ಅನ್ನುವ ಪದ ಬಂದಲ್ಲೆಲ್ಲ ಸುತ್ತು ಹಾಕುತ್ತಾ ಹೋದೆ. ಮೊದಲ ಪುಟದಲ್ಲೇ ಹದಿನಾಲ್ಕು ಸುತ್ತು. ಅದೇ ಪುಟದಲ್ಲಿ ಒಂದು ಬಣ್ಣದ ಹೆಸರಿಲ್ಲ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈ ಎಲ್ಲಿದೆ ಅನ್ನುವುದೂ ಇಲ್ಲ.

ಹದಿನೇಳನೇ ಶತಮಾನದ ಇಟಲಿಯ ಕಲಾವಿದೆ ಆರ್ಟಿಮೀಸಿಯಾ ಜೆಂಟಿಲೆಸ್ಕಿಯ ಭಾಗ ನೋಡಿ. ತನ್ನ ಮೇಲೆ ನಡೆದ ಅತ್ಯಾಚಾರದ ಸಂಕಟವನ್ನು ಆಕೆ 'ಸುಸಾನಾ ಮತ್ತು ಮುದುಕರು' ಚಿತ್ರದಲ್ಲಿ ಹೊರಹಾಕಿದಳು ಅಂತ ಬರೆದಿದ್ದೀರಿ. ಸ್ನಾನಕ್ಕಿಳಿದ ಸುಸಾನಾಳನ್ನು ಇಬ್ಬರು ಮುದುಕರು ಕದ್ದು ನೋಡುವ ಬೈಬಲಿನ ಕಥೆ ಅದು. ಆ ಚಿತ್ರದ ಮೇಲಿರುವ ವರ್ಷ 1610. ಅತ್ಯಾಚಾರ ನಡೆದದ್ದು 1611ರಲ್ಲಿ, ವಿಚಾರಣೆ 1612ರಲ್ಲಿ. ಅಲ್ಲಿಗೆ ನಿಮ್ಮ ವಾದ ಮುರಿದುಬಿತ್ತು, ಅಲ್ವಾ? ಆದರೆ ಇದರಿಂದ ಲೇಖನಕ್ಕೆ ನಷ್ಟವಿಲ್ಲ, ಲಾಭವೇ. ಗೋಡೆಯ ಮೇಲಿಂದ ಬಾಗಿ ಪಿಸುಗುಟ್ಟುವ ಇಬ್ಬರು ಗಂಡಸರು, ಕೆಳಗೆ ಕಲ್ಲಿನ ಆಸನದ ಮೇಲೆ ಮೈ ತಿರುಚಿಕೊಂಡು ಕೈ ಅಡ್ಡ ಹಿಡಿದ ಹುಡುಗಿ. ಇಂಥ ನೋಟ ಹೇಗಿರುತ್ತದೆ ಅಂತ ಹದಿನೇಳರ ಹುಡುಗಿಗೆ ಆಗಲೇ ಗೊತ್ತಿತ್ತು. ಹಾಗಂತ ಬರೆಯಿರಿ.

ಆಮೇಲಿನದು ಆಕೆಯದೇ ಇನ್ನೊಂದು, ಬೈಬಲಿನ ಕಥೆಯ ಜೂಡಿತ್ ಶತ್ರು ಸೇನಾಪತಿ ಹೊಲೊಫರ್ನಿಸನ ಕತ್ತು ಕೊಯ್ಯುವ ಚಿತ್ರ. ಅದನ್ನು ನೀವು 'ಸೇಡಿನ ಕೂಗು' ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. ಇಟಲಿಯ ಇನ್ನೊಬ್ಬ ಕಲಾವಿದ ಕರವಾಜೊ ಇದಕ್ಕೂ ಮುಂಚೆ ಬರೆದ ಜೂಡಿತ್ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಜೂಡಿತ್ ಹೇಸಿಕೊಂಡವಳ ಹಾಗೆ ದೂರದಿಂದಲೇ ಕೈ ಚಾಚಿದ್ದಾಳೆ, ಪಕ್ಕದಲ್ಲಿ ಸುಕ್ಕುಮುಖದ ಮುದುಕಿಯೊಬ್ಬಳು ಕತ್ತರಿಸಿದ ತಲೆಯನ್ನು ಹಾಕಿಕೊಳ್ಳಲು ಬಟ್ಟೆ ಹಿಡಿದು ಸುಮ್ನೆ ಕಾಯುತ್ತಿದ್ದಾಳೆ. ಆರ್ಟಿಮೀಸಿಯಾಳ ಜೂಡಿತ್ ಉಡುಪಿನ ತೋಳು ಮೇಲೇರಿಸಿಕೊಂಡಿದ್ದಾಳೆ, ಮನೆಗೆಲಸಕ್ಕೆ ಇಳಿದವಳ ಹಾಗೆ. ದಾಸಿಯೂ ಇಲ್ಲಿ ಪ್ರಾಯದವಳು, ತನ್ನ ಭಾರವನ್ನೆಲ್ಲ ಹಾಕಿ ಅವನನ್ನು ಅದುಮಿ ಹಿಡಿದಿದ್ದಾಳೆ. ನನಗೆ ಇದರಲ್ಲಿ ಕೂಗು ಕೇಳಿಸುವುದೇ ಇಲ್ಲ. ಇಬ್ಬರು ಹೆಂಗಸರು ಒಂದು ಕಷ್ಟದ ಕೆಲಸವನ್ನು ಗಮನವಿಟ್ಟು ಮಾಡುತ್ತಿದ್ದಾರೆ ಅಷ್ಟೇ, ಮತ್ತು ಆ ಚಿತ್ರ ನೋಡಿದವರನ್ನು ಹೆದರಿಸುವುದು ರಕ್ತಕ್ಕಿಂತ ಜಾಸ್ತಿ ಆ ಗಮನವೇ. (ನೀವು ಒಪ್ಪಬೇಕಿಲ್ಲ. ಆದರೆ ನೋಡಿ ಒಪ್ಪದಿರಿ.)

ಮುಪ್ಪಿಗೆ ನೀವು ಕೊಟ್ಟಿರುವುದು ಮೂರೇ ಸಾಲು, ಅದರಲ್ಲೂ ಒಂದು 'ಜೀವನದ ಮುಸ್ಸಂಜೆ'. ಅದನ್ನು ಹೊಡೆದುಹಾಕಿದ್ದೇನೆ. ಜಪಾನಿನ ಕಲಾವಿದೆ ಯೋಕೊ ಓನೊ 1964ರಲ್ಲಿ ಕ್ಯೋಟೋದ ವೇದಿಕೆ ಮೇಲೆ ಕೂತು, ನೋಡಲು ಬಂದವರ ಕೈಗೇ ಕತ್ತರಿ ಕೊಟ್ಟು ತನ್ನ ಬಟ್ಟೆ ಕತ್ತರಿಸಲು ಬಿಟ್ಟದ್ದನ್ನು ನೀವೇ ಹೇಳಿದ್ದೀರಿ. ಆಗ ಆಕೆಗೆ 31. ಅದನ್ನೇ 2003ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಮಾಡಿದಾಗ 70. ಅದೇ ಕತ್ತರಿ, ಅದೇ ಮೌನ, ಮೈ ಮಾತ್ರ ಬೇರೆ. ಎಪ್ಪತ್ತರ ಹೆಂಗಸಿನ ಬಟ್ಟೆಗೆ ಕತ್ತರಿ ಇಡುವವನ ಕೈ ಹೇಗೆ ಆಡುತ್ತದೆ? ಮುಪ್ಪಿನ ಭಾಗ ಅಲ್ಲಿಂದ ಶುರುವಾಗಲಿ.

ಕೊನೆಯ ಪ್ಯಾರಾ, 'ಹೀಗೆ ಕಲೆ ಅವರೆಲ್ಲರನ್ನೂ ಗುಣಪಡಿಸಿತು', ತೆಗೆಯಿರಿ. ಅವರು ನಿಮ್ಮ ಹತ್ತಿರ ಹಾಗಂತ ಹೇಳಿದರಾ? ಅದರ ಬದಲು ಅಮೆರಿಕದ ಕಲಾವಿದೆ ಸುಜಾನ್ ಲೇಸಿಯನ್ನು ತನ್ನಿ. 1977ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಕೆ ಊರಿನ ಎರಡು ನಕಾಶೆ ಹಾಕಿದರು. ಪೊಲೀಸರಿಗೆ ಬಂದ ಅತ್ಯಾಚಾರದ ದೂರುಗಳನ್ನು ಒಂದರ ಮೇಲೆ ದಿನವೂ ಕೆಂಪು ಮೊಹರು ಒತ್ತಿ ಗುರುತಿಸಿದರು. ಇನ್ನೊಂದರಲ್ಲಿ, ಹಾಗಾದವರಿಗೆ ಸಹಾಯ ಎಲ್ಲೆಲ್ಲಿ ಸಿಗುತ್ತದೆ ಅನ್ನುವುದಿತ್ತು. ಗುಣವಾಗುವುದರ ಬಗ್ಗೆ ನಿಮ್ಮ ಇಡೀ ಪ್ಯಾರಾಕ್ಕಿಂತ ಆ ಎರಡನೇ ನಕಾಶೆ ಜಾಸ್ತಿ ಹೇಳುತ್ತದೆ.

ಹದಿನೈದು ದಿನ ಸಾಕಾಗುತ್ತದಾ? ಜಾಸ್ತಿ ಬೇಕಿದ್ದರೆ ತಿಳಿಸಿ. ಶುರುವಿನಲ್ಲಿರುವ ಹೆಣ್ಣಿನ ಸಹನೆಯ ಪುಟವನ್ನು ಪೂರ್ತಿ ಕಿತ್ತು, ಜೂಡಿತ್ ಮೇಲೇರಿಸಿದ ಆ ತೋಳಿನಿಂದಲೇ ಶುರು ಮಾಡಿ ಕಳಿಸಿ.