ವಿನ್ಸ್ ಡೇಟಾಬೇಸ್ ಕೆಟ್ಟರೆ ಹೆಸರುಗಳನ್ನು ಮರಳಿ ಪಡೆಯುವುದು ಹೇಗೆ?

ಪ್ರಶ್ನೆ: ಕರೆಂಟ್ ಹೋದಾಗ ಯುಪಿಎಸ್ ಕೈಕೊಟ್ಟು ನಮ್ಮ ವಿಂಡೋಸ್ ಸರ್ವರ್ ದಿಢೀರನೆ ಆಫ್ ಆಯಿತು. ಅಂದಿನಿಂದ ಕಂಪ್ಯೂಟರ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವಿನ್ಸ್ ಸರ್ವೀಸ್ ಸ್ಟಾರ್ಟ್ ಆಗುತ್ತಿಲ್ಲ. ಇನ್ನೊಂದು ಶಾಖೆಯಲ್ಲಿ ಇದರ ರೆಪ್ಲಿಕೇಶನ್ ಪಾರ್ಟ್ನರ್, ಅಂದರೆ ಇದರೊಂದಿಗೆ ದಾಖಲೆಗಳ ನಕಲು ಹಂಚಿಕೊಳ್ಳುವ ಇನ್ನೊಂದು ವಿನ್ಸ್ ಸರ್ವರ್ ಇದೆ. ಕಂಪ್ಯೂಟರ್ ಹೆಸರುಗಳನ್ನೆಲ್ಲ ಮತ್ತೆ ಕೈಯಿಂದ ತುಂಬಬೇಕೇ?

ಉತ್ತರ: ಬೇಡ. ಬಹುಪಾಲು ಹೆಸರುಗಳನ್ನು ಆಯಾ ಕಂಪ್ಯೂಟರ್‌ಗಳೇ ಮತ್ತೆ ನೋಂದಾಯಿಸುತ್ತವೆ. ತಾವಾಗಿ ವಾಪಸ್ ಬಾರದವು ನೀವು ಕೈಯಾರೆ ಸೇರಿಸಿದ ಹೆಸರು-ವಿಳಾಸದ ಜೋಡಿಗಳು (ಸ್ಟ್ಯಾಟಿಕ್ ಮ್ಯಾಪಿಂಗ್‌ಗಳು) ಮಾತ್ರ. ಹಾಗಾಗಿ ಕೆಟ್ಟ ಸರ್ವರನ್ನು ಮುಟ್ಟುವ ಮೊದಲು ಪಾರ್ಟ್ನರ್ ಸರ್ವರ್‌ನ ವಿನ್ಸ್ ಕನ್ಸೋಲ್ ತೆರೆಯಿರಿ. ಆಕ್ಟಿವ್ ರಿಜಿಸ್ಟ್ರೇಶನ್ಸ್‌ನಲ್ಲಿ ನಿಮ್ಮ ಸರ್ವರ್ ಓನರ್ ಆಗಿರುವ (ಅಂದರೆ ಅದರಲ್ಲೇ ಮೊದಲು ನೋಂದಣಿಯಾದ) ದಾಖಲೆಗಳನ್ನು ಹುಡುಕಿ, ಎಕ್ಸ್‌ಪೋರ್ಟ್ ಲಿಸ್ಟ್ ಒತ್ತಿ ಟೆಕ್ಸ್ಟ್ ಫೈಲಿಗೆ ಇಳಿಸಿಕೊಳ್ಳಿ. ಅಲ್ಲೇ ರೆಕಾರ್ಡ್ ಓನರ್ಸ್ ಟ್ಯಾಬ್‌ನಲ್ಲಿ ನಿಮ್ಮ ಸರ್ವರ್ ಎದುರು ಕಾಣುವ ಹೈಯೆಸ್ಟ್ ಐಡಿಯನ್ನೂ ಬರೆದುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಈಗ ನಿಮ್ಮ ಸರ್ವರ್‌ಗೆ ಬನ್ನಿ. ಸರ್ವೀಸ್ ನಿಂತಿದೆ ಎಂದು ಖಾತ್ರಿಪಡಿಸಿಕೊಂಡು, ಸಿಸ್ಟಮ್32 ಒಳಗಿನ ವಿನ್ಸ್ ಫೋಲ್ಡರ್‌ನಲ್ಲಿರುವ ವಿನ್ಸ್.ಎಂಡಿಬಿ ಮತ್ತು ಜೆ50 ಎಂದು ಶುರುವಾಗುವ ಲಾಗ್ ಫೈಲುಗಳನ್ನು ಬೇರೆ ಕಡೆ ಸರಿಸಿ. ಅಳಿಸಬೇಡಿ. ಬ್ಯಾಕಪ್ ದಾರಿ (ಬ್ಯಾಕಪ್ ಇಡುವ ಫೋಲ್ಡರ್) ಮೊದಲೇ ಕೊಟ್ಟಿದ್ದರೆ ವಿನ್ಸ್ ಪ್ರತಿ 3 ಗಂಟೆಗೊಮ್ಮೆ ತಾನೇ ಬ್ಯಾಕಪ್ ತೆಗೆದಿರುತ್ತದೆ. ಹಾಗಿದ್ದರೆ ಕನ್ಸೋಲ್‌ನಲ್ಲಿ ರಿಸ್ಟೋರ್ ಡೇಟಾಬೇಸ್ ಒತ್ತಿ. ಅಲ್ಲಿ ಆರಿಸಬೇಕಾದದ್ದು ಬ್ಯಾಕಪ್ ಇರುವ ವಿನ್ಸ್_ಬ್ಯಾಕ್ (wins_bak) ಫೋಲ್ಡರನ್ನಲ್ಲ, ಅದನ್ನು ಇಟ್ಟುಕೊಂಡಿರುವ ಮೇಲಿನ ಫೋಲ್ಡರನ್ನು. ಹೆಚ್ಚಿನವರು ಎಡವುವುದು ಇಲ್ಲಿಯೇ. ಸರ್ವೀಸ್ ನಡೆಯುತ್ತಿದ್ದರೆ ಆ ಆಯ್ಕೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಬ್ಯಾಕಪ್ ಇಲ್ಲವೇ? ಸರ್ವೀಸ್ ಸ್ಟಾರ್ಟ್ ಮಾಡಿ, ಖಾಲಿ ಡೇಟಾಬೇಸ್ ತಾನೇ ಹುಟ್ಟುತ್ತದೆ. ತೊಡಕು ಇರುವುದು ವರ್ಶನ್ ಐಡಿಯಲ್ಲಿ, ಅಂದರೆ ಪ್ರತಿ ದಾಖಲೆಗೆ ವಿನ್ಸ್ ಕೊಡುವ ಏರುಕ್ರಮದ ಸಂಖ್ಯೆಯಲ್ಲಿ. ಹೊಸ ಡೇಟಾಬೇಸ್ ಎಣಿಕೆಯನ್ನು ಮತ್ತೆ ಕೆಳಗಿನಿಂದ ಶುರು ಮಾಡುತ್ತದೆ. ಪಾರ್ಟ್ನರ್ ಬಳಿ ಅದಕ್ಕಿಂತ ದೊಡ್ಡ ಸಂಖ್ಯೆ ಇರುವುದರಿಂದ, ನಿಮ್ಮ ಹೊಸ ದಾಖಲೆಗಳನ್ನೆಲ್ಲ ಹಳೆಯವೆಂದು ತಿಳಿದು ಅದು ಎಳೆದುಕೊಳ್ಳುವುದೇ ಇಲ್ಲ. ಎರರ್ ಕೂಡ ಕಾಣದೆ ರೆಪ್ಲಿಕೇಶನ್ ಸುಮ್ಮನೆ ನಿಂತುಬಿಡಬಹುದು. ಆದ್ದರಿಂದ ಸರ್ವರ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಸ್ಟಾರ್ಟಿಂಗ್ ವರ್ಶನ್ ಐಡಿ ಜಾಗಕ್ಕೆ, ನೀವು ಬರೆದುಕೊಂಡ ಹೈಯೆಸ್ಟ್ ಐಡಿಗಿಂತ ದೊಡ್ಡ ಸಂಖ್ಯೆಯನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಎಣಿಕೆಯಲ್ಲಿ) ಕೊಡಿ. ಆಮೇಲೆ ಪಾರ್ಟ್ನರ್‌ನಿಂದ ದಾಖಲೆಗಳನ್ನು ಎಳೆದುಕೊಳ್ಳುವ ಪುಲ್ ರೆಪ್ಲಿಕೇಶನ್ ಮಾಡಿ, ಎಕ್ಸ್‌ಪೋರ್ಟ್ ಪಟ್ಟಿ ನೋಡಿಕೊಂಡು ಸ್ಟ್ಯಾಟಿಕ್ ಹೆಸರುಗಳನ್ನು ಸೇರಿಸಿ.

ಡೀಫಾಲ್ಟ್ ನವೀಕರಣ ಅವಧಿ 6 ದಿನ. ಅರ್ಧ ಅವಧಿ ಕಳೆದಾಗ ಕಂಪ್ಯೂಟರ್‌ಗಳು ನೋಂದಣಿ ನವೀಕರಿಸುತ್ತವೆ. ಕಾಯಲಾಗದಿದ್ದರೆ ಅವನ್ನು ರೀಸ್ಟಾರ್ಟ್ ಮಾಡಿ, ಇಲ್ಲವೇ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಬಿಟಿಸ್ಟ್ಯಾಟ್ -ಆರ್‌ಆರ್ (nbtstat -RR) ಕೊಡಿ. ಎರಡೂ ಆರ್ ದೊಡ್ಡ ಅಕ್ಷರವೇ ಆಗಿರಬೇಕು. ಒಂದೇ ದೊಡ್ಡ ಆರ್ ಕೊಟ್ಟರೆ ಆ ಕಂಪ್ಯೂಟರಿನ ಹೆಸರುಗಳ ತಾತ್ಕಾಲಿಕ ಸಂಗ್ರಹ (cache) ಮಾತ್ರ ಖಾಲಿಯಾಗುತ್ತದೆ.

ಕೊನೆಗೆ ಜನರಲ್ ಟ್ಯಾಬ್‌ನಲ್ಲಿ ಬ್ಯಾಕಪ್ ದಾರಿ ತುಂಬಿ, ಸರ್ವರ್ ಶಟ್‌ಡೌನ್ ಆಗುವಾಗ ಬ್ಯಾಕಪ್ ತೆಗೆಯುವ ಟಿಕ್ಕನ್ನೂ ಹಾಕಿ. ದಾರಿ ಅದೇ ಸರ್ವರ್‌ನ ಡಿಸ್ಕಿನದ್ದಾಗಿರಲಿ, ನೆಟ್‌ವರ್ಕ್ ಡ್ರೈವ್ ಬೇಡ.

ಪ್ರಶ್ನೆ: ಈಗಲೂ ವಿನ್ಸ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ?

ಉತ್ತರ: ಹಳೆಯ ಸಾಫ್ಟ್‌ವೇರ್ ನೆಟ್‌ಬಯೋಸ್ ಹೆಸರನ್ನೇ (ವಿನ್ಸ್ ನೋಂದಾಯಿಸಿಕೊಳ್ಳುವ ಚಿಕ್ಕ ಕಂಪ್ಯೂಟರ್ ಹೆಸರು) ಕೇಳುತ್ತಿದ್ದರೆ ಮಾತ್ರ. ವಿಂಡೋಸ್ ಸರ್ವರ್ 2022ರಿಂದ ಮೈಕ್ರೋಸಾಫ್ಟ್ ಇದರ ಅಭಿವೃದ್ಧಿ ನಿಲ್ಲಿಸಿದೆ. ಚಿಕ್ಕ ಹೆಸರು ಬೇಕಿರುವುದು ನಾಲ್ಕಾರು ಸರ್ವರ್‌ಗಳಿಗಷ್ಟೇ ಆದರೆ ಡಿಎನ್‌ಎಸ್‌ನಲ್ಲಿ (ಇಂದಿನ ಹೆಸರು-ವಿಳಾಸ ವ್ಯವಸ್ಥೆ) ಚಿಕ್ಕ ಹೆಸರುಗಳಿಗೆಂದೇ ಇರುವ ಗ್ಲೋಬಲ್‌ನೇಮ್ಸ್ ಝೋನ್ ಸಾಕು. ಆದರೆ ಅದರಲ್ಲಿ ಹೆಸರು ತಾನಾಗಿ ನೋಂದಣಿಯಾಗುವುದಿಲ್ಲ, ಪ್ರತಿಯೊಂದನ್ನೂ ನೀವೇ ಸೇರಿಸಬೇಕು.