ತರಗತಿ ಇಲ್ಲದ ಐದು ದಿನ: ಆತ್ಮರಕ್ಷಣೆ ಕಲಿಯುವವರ ಮನೆ ಕಸರತ್ತು

ಆತ್ಮರಕ್ಷಣೆಯ ತರಗತಿಗೆ ಸೇರಿದವರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಎರಡು ಕ್ಲಾಸುಗಳ ನಡುವೆ ಮನೆಯಲ್ಲಿ ಏನು ಮಾಡಬೇಕು? ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇವೆ. ತರಬೇತುದಾರರು ಮತ್ತು ಫಿಸಿಯೋಥೆರಪಿಸ್ಟ್ ಕೂಡಿ ಉತ್ತರಿಸಿದ್ದಾರೆ.

ಶನಿವಾರ, ಭಾನುವಾರ ಮಾತ್ರ ಕ್ಲಾಸು. ಎರಡು ನಿಮಿಷ ಪ್ಯಾಡಿಗೆ ಹೊಡೆಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ನೆಲದಿಂದ ಏಳುವಾಗ ತೊಡೆ ನಡುಗುತ್ತದೆ. ಮನೆಯಲ್ಲಿ ಸಲಕರಣೆ ಏನೂ ಇಲ್ಲ, ಬೆಳಗ್ಗೆ ಅರ್ಧ ಗಂಟೆ ಬಿಡುವಿದೆ. ಎಲ್ಲಿಂದ ಶುರು ಮಾಡಲಿ?
ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ವಾರಕ್ಕೆ ಮೂರು ದಿನ ಸಾಕು. ಸೋಮವಾರ ಬಿಡುವು. ಮಂಗಳವಾರ ಮತ್ತು ಗುರುವಾರ ಶಕ್ತಿಯ ಕೆಲಸ, ಬುಧವಾರ ಉಸಿರಿನ ಕೆಲಸ. ಶುಕ್ರವಾರ ಮತ್ತೆ ಬಿಡುವು ಇರಲಿ, ಯಾಕೆಂದರೆ ದಣಿದ ಮೈ ಹೊತ್ತು ಶನಿವಾರದ ಕ್ಲಾಸಿಗೆ ಹೋದರೆ ಹೇಳಿಕೊಟ್ಟ ಪಟ್ಟು ತಲೆಗೂ ಹತ್ತುವುದಿಲ್ಲ, ಮೈಗೂ ಹತ್ತುವುದಿಲ್ಲ. ಮನೆಯ ಕಸರತ್ತು ಇರುವುದೇ ಕ್ಲಾಸಿನ ಹೊತ್ತನ್ನು ಕಲಿಕೆಗೆ ಉಳಿಸಿಕೊಡಲು.

ಮೊದಲ ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ನಿಂತಲ್ಲೇ ನಡಿಗೆ, ಭುಜ ಮತ್ತು ಸೊಂಟ ತಿರುಗಿಸುವುದು, ಹತ್ತು ಅರ್ಧ ಬಸ್ಕಿ. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಸ್ನಾಯು ಎಳೆದು ಹಿಡಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಮಾಡಿದರೆ ಸ್ನಾಯುವಿನ ಬಿರುಸು ಸ್ವಲ್ಪ ಹೊತ್ತು ತಗ್ಗುತ್ತದೆ.

ಶಕ್ತಿಯ ದಿನ ನಾಲ್ಕು ಕೆಲಸ, ಮೂರು ಸುತ್ತು. ಸುತ್ತಿನ ನಡುವೆ ಒಂದೂವರೆ ನಿಮಿಷ ವಿಶ್ರಾಂತಿ.

ಮೊದಲನೆಯದು ಬಸ್ಕಿ, 10ರಿಂದ 12. ಹಿಂದೆ ಕುರ್ಚಿ ಇಟ್ಟುಕೊಂಡು ಮೂರು ಎಣಿಸುತ್ತಾ ಇಳಿಯಿರಿ, ಕುರ್ಚಿ ತಾಗಿದ ಕೂಡಲೇ ಏಳಿ. ಗರಡಿಯಲ್ಲಿ ಹಿಮ್ಮಡಿ ಎತ್ತಿ ಸರಸರನೆ ಬಸ್ಕಿ ಹೊಡೆಯುತ್ತಾರೆ. ಅದು ವರ್ಷಗಟ್ಟಲೆ ಸಾಮು ಮಾಡಿ ಪಳಗಿದ ಮಂಡಿಯ ಕೆಲಸ. ನೀವು ಹಿಮ್ಮಡಿ ನೆಲಕ್ಕೆ ಊರಿ, ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇರಲಿ. ಮಂಡಿ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ, ಅಲ್ಲಿಗೆ ಆ ಸುತ್ತು ಮುಗಿಯಿತು. 15 ಸಲೀಸಾದ ಮೇಲೆ ಬೆನ್ನುಚೀಲದಲ್ಲಿ ಐದು ಲೀಟರ್ ನೀರಿನ ಕ್ಯಾನ್ ಇಟ್ಟುಕೊಳ್ಳಿ, ಐದು ಕೆ.ಜಿ. ಭಾರ ಆಯಿತು.

ಎರಡನೆಯದು ದಂಡ (ಪುಷ್-ಅಪ್), 8ರಿಂದ 10. ನೆಲದ ಮೇಲೆ ಆಗದಿದ್ದರೆ ಮಂಡಿ ಊರುವ ಬದಲು ಕೈಯನ್ನು ಎತ್ತರದಲ್ಲಿಡಿ: ಮೊದಲು ಅಡುಗೆಮನೆಯ ಕಟ್ಟೆ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಹೀಗೆ ಮಾಡಿದರೆ ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಗೆರೆಯಲ್ಲಿ ಉಳಿಯುತ್ತದೆ. ಮೇಲೆ ಬಿದ್ದವನನ್ನು ದೂರ ತಳ್ಳುವಾಗ ಬೇಕಾಗುವುದೂ ಅದೇ ಗೆರೆ. ಮೊಣಕೈ ಪಕ್ಕೆಯಿಂದ ಸುಮಾರು 45 ಡಿಗ್ರಿಯಲ್ಲಿರಲಿ, ರೆಕ್ಕೆಯ ಹಾಗೆ ಅಗಲವಾದರೆ ಭುಜದ ಮುಂಭಾಗ ನೋಯುತ್ತದೆ. ಸೊಂಟ ಜೋತುಬೀಳುತ್ತಿದ್ದರೆ ಪೃಷ್ಠ ಬಿಗಿಹಿಡಿಯುವುದನ್ನು ಮರೆತಿದ್ದೀರಿ.

ಮೂರನೆಯದು ಎಳೆತ. ಮನೆಯಲ್ಲಿ ಕಸರತ್ತು ಮಾಡುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಬೆನ್ನುಚೀಲಕ್ಕೆ ಆರರಿಂದ ಎಂಟು ಕೆ.ಜಿ. ಅಕ್ಕಿಯನ್ನೋ ಪುಸ್ತಕವನ್ನೋ ತುಂಬಿ, ಅದರ ಹಿಡಿಯೊಳಗೆ ಟವೆಲ್ ತೂರಿಸಿ. ಒಂದು ಕೈಯನ್ನು ಕುರ್ಚಿಗೆ ಊರಿ, ಬೆನ್ನು ನೇರವಾಗಿಟ್ಟು ಸೊಂಟದಲ್ಲಿ ಬಾಗಿ, ಇನ್ನೊಂದು ಕೈಯಿಂದ ಟವೆಲ್ ಹಿಡಿದು ಚೀಲವನ್ನು ಸೊಂಟದ ಕಡೆಗೆ ಎಳೆಯಿರಿ. ಪ್ರತಿ ಕೈಗೆ 10. ಬೆನ್ನಿನ ಜೊತೆಗೆ ಹಿಡಿತವೂ ಗಟ್ಟಿಯಾಗುತ್ತದೆ. ಬಾಗಿಲಿಗೆ ಟವೆಲ್ ಸಿಕ್ಕಿಸಿ ಜೋತುಬೀಳುವ ಉಪಾಯ ಬೇಡ. ಚಿಲಕ ಜಾರಿದರೆ ತಲೆಯ ಹಿಂಭಾಗವೇ ನೆಲಕ್ಕೆ ಬಡಿಯುತ್ತದೆ.

ನಾಲ್ಕನೆಯದು ನೆಲದಿಂದ ಏಳುವುದು. ನಾಲ್ಕರಲ್ಲಿ ಒಂದನ್ನೇ ಮಾಡಲು ಹೊತ್ತಿದ್ದರೆ ಇದನ್ನೇ ಮಾಡಿ. ನೆಲದ ಮೇಲೆ ಕುಳಿತು ಬಲಗೈಯನ್ನು ಬೆನ್ನ ಹಿಂದೆ ಊರಿ. ಎಡ ಮಂಡಿ ಮಡಚಿ ಎಡಪಾದ ನೆಲಕ್ಕಿರಲಿ, ಬಲಗಾಲು ಮುಂದೆ ಚಾಚಿರಲಿ. ಎಡಗೈ ಮುಖದ ಮುಂದೆ ಕಾವಲಿಗೆ. ಬಲಗೈ ಮತ್ತು ಎಡಪಾದದ ಮೇಲೆ ಭಾರ ಹಾಕಿ ಸೊಂಟವನ್ನು ಪೂರ್ತಿ ಎತ್ತಿ, ಬಲಗಾಲನ್ನು ಮೈ ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡು ಕೈಯ ಹಿಂದೆ ಊರಿ, ಎದ್ದುನಿಲ್ಲಿ. ನೆಲ ಬಿಡುವುದರಲ್ಲಿ ಕೈಯೇ ಕೊನೆಯದು, ಮತ್ತು ಕಣ್ಣು ಉದ್ದಕ್ಕೂ ಎದುರಿಗೇ ಇರಬೇಕು. ಪ್ರತಿ ಬದಿಗೆ ನಾಲ್ಕು ಸಲ. ಕಾಲು ಒಳಗೇ ಸಿಕ್ಕಿಕೊಳ್ಳುತ್ತಿದ್ದರೆ ಸೊಂಟ ಎತ್ತಿದ್ದು ಸಾಲದು. ಎರಡೂ ಕೈ ಊರಿ ತಲೆ ತಗ್ಗಿಸಿ ಏಳುವವರ ಮುಖ ಒದೆಗೆ ತೆರೆದೇ ಇರುತ್ತದೆ, ಆ ರೂಢಿಯನ್ನು ಮನೆಯಲ್ಲೇ ಬಿಡಿಸಿಕೊಳ್ಳಬೇಕು.

ಬುಧವಾರ 20 ಸೆಕೆಂಡು ಜೋರು, 40 ಸೆಕೆಂಡು ನಿಧಾನ ನಡಿಗೆ. ಮೊದಲ ಎರಡು ವಾರ ಐದು ಸುತ್ತು, ಆಮೇಲೆ ಎಂಟು. ಒಂದು ಸುತ್ತು ಗಾಳಿಯಲ್ಲಿ ಅಂಗೈ ಹೊಡೆತ, ಮುಂದಿನದು ಮಂಡಿ ಎತ್ತಿ ಹೊಡೆಯುವುದು. ಸ್ನಾಯುವಿನಲ್ಲಿ ತಟ್ಟನೆ ಸಿಗುವ ಇಂಧನ ಪೂರ್ತಿ ಜೋರಿನಲ್ಲಿ ಹತ್ತು ಸೆಕೆಂಡಿನ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಅದರಾಚೆಗೂ ಕೈ ಎತ್ತಿ ಹಿಡಿಯುವುದು, ಚಿಕ್ಕ ಬಿಡುವಿನಲ್ಲಿ ಉಸಿರು ಹಿಂದಕ್ಕೆ ಪಡೆಯುವುದು ಇಲ್ಲಿ ಪಳಗುತ್ತದೆ. ನಿಮಗೆ ಪ್ಯಾಡಿನ ಮುಂದೆ ಉಸಿರು ಕಟ್ಟುವುದು ಶಕ್ತಿ ಸಾಲದೆ ಇರಲಿಕ್ಕಿಲ್ಲ. ಹೊಸಬರು ಹೊಡೆಯುವಾಗ ಉಸಿರನ್ನೇ ಹಿಡಿದುಬಿಡುತ್ತಾರೆ. ಪ್ರತಿ ಹೊಡೆತಕ್ಕೂ "ಬಿಡು!", "ದೂರ!" ಎಂದು ಕೂಗಿ. ಕೂಗಿದರೆ ಉಸಿರು ಹೊರಗೆ ಬರಲೇಬೇಕು, ಜೊತೆಗೆ ಗಂಟಲಿಗೂ ರೂಢಿಯಾಗುತ್ತದೆ. ಭಯದ ಹೊತ್ತಿನಲ್ಲಿ ಧ್ವನಿ ಹೊರಡದೆ ಹೋಗುವುದು ಸಾಮಾನ್ಯ, ಅದಕ್ಕೂ ತಾಲೀಮು ಬೇಕು.

ಪ್ರತಿ ಸುತ್ತಿನಲ್ಲೂ ಇನ್ನೆರಡು ಆಗುತ್ತಿತ್ತು ಎನ್ನುವಾಗಲೇ ನಿಲ್ಲಿಸಿ. ವಾರಕ್ಕೆ ಒಂದೋ ಎರಡೋ ಎಣಿಕೆ ಏರಿಸಿ, ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಕ್ಲಾಸಿನಲ್ಲಿ ಹೊಸದಾಗಿ ಕಲಿತ ಪಟ್ಟನ್ನು ಕಸರತ್ತಿಗೆ ಮೊದಲೇ, ಐದು ನಿಮಿಷ, ನಿಧಾನವಾಗಿ ಅಭ್ಯಾಸ ಮಾಡಿ. ದಣಿದ ಮೇಲೆ ಮಾಡಿದರೆ ತಪ್ಪೇ ಮೈಗೂಡುತ್ತದೆ, ಆಮೇಲೆ ಅದನ್ನು ಬಿಡಿಸಲು ಗುರುಗಳಿಗೆ ತಿಂಗಳು ಹಿಡಿಯುತ್ತದೆ.

ಮೂರನೇ ಮಹಡಿಯ ಬಾಡಿಗೆ ಮನೆ. ಜಿಗಿಯುವ ವ್ಯಾಯಾಮ ಮಾಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಕೂಗುವುದಂತೂ ಆಗದ ಮಾತು.
ಬೆಂಗಳೂರು

ಜಿಗಿತ ಬಿಟ್ಟರೆ ನಷ್ಟವೇನಿಲ್ಲ. ಹಗ್ಗದಾಟದ ಬದಲು ಮುಂಗಾಲಿನ ಮೇಲೆ ಬೇಗ ಬೇಗ ಹೆಜ್ಜೆ ಹಾಕಿ: ಮುಂದೆ, ಹಿಂದೆ, ಪಕ್ಕಕ್ಕೆ, ಪಾದ ನೆಲದಿಂದ ಎರಡು ಬೆರಳು ಮಾತ್ರ ಮೇಲೇಳಲಿ. ಎದುರಾಳಿ ಕಾಲು ತಬ್ಬಿ ಬೀಳಿಸಲು ನುಗ್ಗಿದಾಗ ಎರಡೂ ಕಾಲು ಹಿಂದಕ್ಕೆ ಎಸೆದು ಅವನ ಮೇಲೆ ಭಾರ ಹಾಕುವ ಅಭ್ಯಾಸವನ್ನು ಸದ್ದಿಲ್ಲದೆ ಮಾಡುವುದಾದರೆ, ಕೈಯನ್ನು ಮಂಚದ ಅಂಚಿಗೆ ಊರಿ ಒಂದೊಂದೇ ಕಾಲನ್ನು ಹಿಂದಕ್ಕೆ ಹಾಕಿ, ಸೊಂಟ ಒತ್ತಿ, ಮತ್ತೆ ಒಂದೊಂದೇ ಮುಂದಕ್ಕೆ ತನ್ನಿ. ಮಂಚ ಗೋಡೆಗೆ ತಾಗಿರಲಿ. ಕೂಗಿನ ಬದಲು ಹಲ್ಲಿನ ಸಂದಿನಿಂದ "ಹುಶ್" ಎಂದು ಉಸಿರು ಬಿಡಿ. ಧ್ವನಿಯ ತಾಲೀಮನ್ನು ವಾರಕ್ಕೊಮ್ಮೆ ಟೆರೇಸಿನ ಮೇಲೆ ಇಟ್ಟುಕೊಳ್ಳಬಹುದು, ನೆರೆಯವರಿಗೆ ಮೊದಲೇ ಹೇಳಿರಿ. ಇಲ್ಲದಿದ್ದರೆ ಗಾಬರಿಯಾದವರು 112ಕ್ಕೆ ಕರೆ ಮಾಡಿಯಾರು, ಅವರು ಹಾಗೆ ಮಾಡುವುದೇ ಸರಿ.

ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಯೋಜನೆಯಡಿ ಕರಾಟೆ ಕಲಿಯುತ್ತಿದ್ದಾಳೆ. ಗೆಣ್ಣು ಗಟ್ಟಿಯಾಗಲಿ ಎಂದು ದಿನಾ ಗೋಡೆಗೆ ಗುದ್ದುತ್ತಾಳೆ. ಬಿಡಬಹುದೇ?
ತಾಯಿ, ಶಿವಮೊಗ್ಗ

ಇವತ್ತೇ ನಿಲ್ಲಿಸಿ. ಆ ವಯಸ್ಸಿನಲ್ಲಿ ಬೆರಳಿನ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ತುದಿಯ ಹತ್ತಿರದ ಮೆದು ಪದರಕ್ಕೆ ಪೆಟ್ಟಾದರೆ ಬೆರಳು ಸೊಟ್ಟಗಾಗಬಹುದು. ಎಲುಬು ಭಾರಕ್ಕೆ ತಕ್ಕಂತೆ ಗಟ್ಟಿಯಾಗುವುದು ನಿಜ. ಆದರೆ ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು, ಭಾರವೂ ಸ್ವಲ್ಪ ಸ್ವಲ್ಪವೇ ಏರಬೇಕು. ಗೋಡೆಗೆ ಗುದ್ದಿದರೆ ಮೊದಲು ಕೆಡುವುದು ಕೀಲಿನ ಒಳಪದರ. ಕಿರುಬೆರಳಿನ ಬುಡದ ಎಲುಬು ಮುರಿದುಕೊಂಡು ಆಸ್ಪತ್ರೆಗೆ ಬರುವವರಲ್ಲಿ ಗಟ್ಟಿ ವಸ್ತುವಿಗೆ ಗುದ್ದಿದವರೇ ಬಹಳ.

ಅವಳಿಗೆ ಅಂಗೈ ಬುಡದ ಹೊಡೆತ ಅಭ್ಯಾಸ ಮಾಡಿಸಿ. ಮಡಚಿದ ಕೌದಿಯನ್ನೋ ದಪ್ಪ ದಿಂಬನ್ನೋ ನೀವೇ ಎರಡು ಕೈಯಲ್ಲಿ, ಮುಖದಿಂದ ದೂರಕ್ಕೆ ಹಿಡಿದು ನಿಲ್ಲಿ. ಹತ್ತು ಹೊಡೆತದ ಮೂರು ಸರದಿ. ಬೆರಳು ಹಿಂದಕ್ಕೆ ಬಾಗಿರಲಿ, ಮೊಣಕೈ ಕೊನೆಗೂ ತುಸು ಮಡಚಿರಲಿ. ಮಣಿಕಟ್ಟು ಗಟ್ಟಿಯಾಗಲು ಮುಷ್ಟಿ ಊರಿ ಗೋಡೆಗೆ ದಂಡ ಮಾಡಿಸಬಹುದು, ಮೊದಲೆರಡು ಗೆಣ್ಣಿನ ಮೇಲೆ ಭಾರ, ಎಂಟು ಸಲ. ಗೆಣ್ಣು ಈಗಾಗಲೇ ಊದಿದ್ದರೆ ಅಥವಾ ಮುಷ್ಟಿ ಕಟ್ಟುವಾಗ ಒಂದು ಬೆರಳು ಇನ್ನೊಂದರ ಮೇಲೆ ಏರುತ್ತಿದ್ದರೆ ಎಕ್ಸ್‌ರೇ ತೆಗೆಸಿ.

ಗೆಳೆಯರ ಪಂತಕ್ಕೆ ಒಂದೇ ದಿನ 500 ಬಸ್ಕಿ ಹೊಡೆದೆ. ಮೂರು ದಿನವಾದರೂ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ನೋವಿದ್ದರೂ ಮುಂದುವರಿಸಬೇಕೇ?
ತುಮಕೂರು

ಮೊದಲು ಮೂತ್ರದ ಬಣ್ಣ ನೋಡಿ. ಕೋಲಾ ಅಥವಾ ಕಡು ಚಹಾದ ಬಣ್ಣವಿದ್ದರೆ, ತೊಡೆ ಊದಿ ಬಿಗಿದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಈ ಉತ್ತರ ಓದುವುದನ್ನು ಬಿಟ್ಟು ಆಸ್ಪತ್ರೆಗೆ ಹೋಗಿ. ರೂಢಿಯಿಲ್ಲದ ಸ್ನಾಯುವಿಗೆ ಒಮ್ಮೆಲೇ ಇಷ್ಟು ಕೆಲಸ ಕೊಟ್ಟರೆ ಅದರ ನಾರುಗಳು ಒಡೆದು, ಒಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ನೂರಾರು ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವವರೂ ಇದನ್ನು ತಿಳಿದಿರಬೇಕು.

ಹಾಗೇನೂ ಇಲ್ಲದಿದ್ದರೆ ಇದು ಮಾಮೂಲಿ ಸ್ನಾಯುನೋವು. 24ರಿಂದ 72 ಗಂಟೆಯೊಳಗೆ ಹೆಚ್ಚಿ, ವಾರದೊಳಗೆ ಇಳಿಯುತ್ತದೆ. ನಡೆದಾಡಿ, ನೀರು ಕುಡಿಯಿರಿ, ತೊಡೆಗೆ ಕಸರತ್ತು ಬೇಡ. ನೋವು ಪೂರ್ತಿ ಹೋದ ಮೇಲೆ 10ರ ಮೂರು ಸುತ್ತಿನಿಂದ ಶುರು ಮಾಡಿ. ಸ್ನಾಯುವಿನ ಉದ್ದಕ್ಕೂ ಹರಡಿದ ಮಂದ ನೋವು ಎರಡೂ ಕಾಲಿಗೆ ಸಮನಾಗಿರುತ್ತದೆ. ಒಂದೇ ಮಂಡಿಯಲ್ಲಿ, ಬೆರಳಿಟ್ಟು ತೋರಿಸಬಹುದಾದ ಚುಚ್ಚುನೋವು ಬೇರೆಯದು, ಅದನ್ನು ತೋರಿಸಿಕೊಳ್ಳಬೇಕು.

ನನಗೆ 46. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಬಡಾವಣೆಯ ಆತ್ಮರಕ್ಷಣೆ ತರಗತಿಗೆ ಸೇರಿದ್ದೇನೆ.
ಮೈಸೂರು

ಸೇರಿದ್ದು ಒಳ್ಳೆಯದಾಯಿತು. ವೈದ್ಯರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ. ಅಳತೆ 180/110 ಮುಟ್ಟಿದ ದಿನ ಕಸರತ್ತು ಬೇಡ, ಅವರಿಗೆ ಫೋನ್ ಮಾಡಿ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಯನ್ನು ನಂಬಬೇಡಿ. ಒಂದು ವಾಕ್ಯ ಪೂರ್ತಿ ಮಾತನಾಡಲು ಆಗುವಷ್ಟು ಜೋರು ಸಾಕು. ಬಿಗಿಹಿಡಿಯುವ ಯಾವ ಕೆಲಸದಲ್ಲೂ ಉಸಿರು ಕಟ್ಟಬೇಡಿ, ಒತ್ತಡ ಥಟ್ಟನೆ ಏರುವುದು ಆಗಲೇ. ನೆಲದಿಂದ ಏಳುವ ಅಭ್ಯಾಸವನ್ನು ಎರಡು ತುಂಡು ಮಾಡಿಕೊಳ್ಳಿ: ಮಲಗಿದ್ದರೆ ಎದ್ದು ಕುಳಿತು, ಮೂರು ಸಲ ಉಸಿರಾಡುವಷ್ಟು ಹೊತ್ತು ಕಾದು ಆಮೇಲೆ ನಿಲ್ಲಿ. ಬಿಪಿ ಮಾತ್ರೆ ನುಂಗುವವರಿಗೆ ಸರಕ್ಕನೆ ಎದ್ದರೆ ತಲೆ ಸುತ್ತುವುದುಂಟು.

ಮಂಡಿಗೆ: ಬೆನ್ನು ಕೆಳಗೆ ಮಾಡಿ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು 12, ಎತ್ತರದ ಕುರ್ಚಿಯಿಂದ ಕೂತೇಳುವುದು 8, ಒಂದೇ ಮೆಟ್ಟಿಲು ನಿಧಾನವಾಗಿ ಇಳಿಯುವುದು ಪ್ರತಿ ಕಾಲಿಗೆ 6. ಎರಡು ಸುತ್ತು, ದಿನ ಬಿಟ್ಟು ದಿನ. ನೋವಿಗೆ ಹತ್ತಕ್ಕೆ ಮೂರು ಅಂಕದವರೆಗೆ ಕೊಡಬಹುದಾದರೆ, ಮರುದಿನ ಬೆಳಗ್ಗೆ ಅದು ಇಳಿದಿದ್ದರೆ, ಸರಿಯಾದ ದಾರಿಯಲ್ಲಿದ್ದೀರಿ.

ಬೀಳುವುದನ್ನು ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡಬಹುದೇ? ಯೋಗ ಮ್ಯಾಟ್ ಇದೆ.
ಹಾಸನ

ನಿಂತು ಬೀಳುವುದು ಬೇಡ. ಆರು ಮಿಲಿಮೀಟರ್ ಮ್ಯಾಟು ಬೀಳುವ ಮೈಯನ್ನು ತಡೆಯುವುದಿಲ್ಲ. ಹತ್ತಿ ಹಾಸಿಗೆ ಹಾಸಿ, ಕುಕ್ಕರಗಾಲಿನಲ್ಲಿ ಕುಳಿತು, ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಿ. ಭುಜ ಹಾಸಿಗೆ ತಾಗುವ ಕ್ಷಣಕ್ಕೆ ಎರಡೂ ತೋಳುಗಳಿಂದ, ಅಂಗೈ ಕೆಳಗೆ ಮಾಡಿ, ಮೈಯಿಂದ 45 ಡಿಗ್ರಿ ದೂರದಲ್ಲಿ ಹಾಸಿಗೆಯನ್ನು ಬಡಿಯಿರಿ. ಕೈಯನ್ನು ಹಿಂದಕ್ಕೆ ಊರಿ ಬೀಳುವುದು ನಮ್ಮೆಲ್ಲರ ಸಹಜ ಗುಣ, ಮಣಿಕಟ್ಟು ಮುರಿಯುವುದೂ ಅದರಿಂದಲೇ. ಗಲ್ಲದ ಕೆಳಗೆ ಮಡಚಿದ ಕರವಸ್ತ್ರ ಹಿಡಿದುಕೊಳ್ಳಿ. ಅದು ಜಾರಿ ಬಿದ್ದರೆ ತಲೆ ಹಿಂದಕ್ಕೆ ಹೋಗಿದೆ. ದಿನಕ್ಕೆ ಹತ್ತು ಸಲ. ಕುತ್ತಿಗೆ ಸವೆತ ಇರುವವರು ಇದನ್ನು ತರಗತಿಯಲ್ಲಿ, ಗುರುಗಳ ಎದುರಿಗೇ ಮಾಡಲಿ.

ಕ್ಲಾಸಿನಲ್ಲಿ ಜೊತೆಗಾರ ಕೈ ಹಿಡಿದರೆ ಬಿಡಿಸಿಕೊಳ್ಳುತ್ತೇನೆ, ನಾನು ಹಿಡಿದದ್ದು ಮಾತ್ರ ನಿಲ್ಲುವುದಿಲ್ಲ. ಹಿಡಿತಕ್ಕೆ ಏನು ಮಾಡಲಿ?
ಮಂಗಳೂರು

ಬಕೆಟ್ಟಿಗೆ ಐದಾರು ಕೆ.ಜಿ. ಅಕ್ಕಿ ಹಾಕಿ ಮಣಿಕಟ್ಟಿನವರೆಗೆ ಕೈ ಹೂತು, 30 ಸೆಕೆಂಡು ಮುಷ್ಟಿ ಹಿಂಡಿ, 30 ಸೆಕೆಂಡು ಬೆರಳು ಅಗಲಿಸಿ. ಪ್ರತಿ ಕೈಗೆ ಮೂರು ಸರದಿ, ವಾರಕ್ಕೆ ಮೂರು ದಿನ. ಹಿಂಡುವುದನ್ನಷ್ಟೇ ಮಾಡಿ ಅಗಲಿಸುವುದನ್ನು ಬಿಟ್ಟರೆ ಮೊಣಕೈಯ ಒಳಬದಿ ನೋಯತೊಡಗುತ್ತದೆ. ಜೊತೆಗೆ ನೆನೆಸಿದ ದಪ್ಪ ಟವೆಲನ್ನು ಎರಡೂ ದಿಕ್ಕಿಗೆ ಹತ್ತು ಹತ್ತು ಸಲ ಹಿಂಡಿ. ಹಿಡಿಯುವಾಗ ಕಿರುಬೆರಳು ಮತ್ತು ಉಂಗುರದ ಬೆರಳನ್ನು ಮೊದಲು ಬಿಗಿಮಾಡಿ. ಹೆಬ್ಬೆರಳು, ತೋರುಬೆರಳನ್ನೇ ನಂಬಿದ ಹಿಡಿತ ಬೇಗ ಬಿಚ್ಚುತ್ತದೆ. ಆ ಅಕ್ಕಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಮುಚ್ಚಳ ಹಾಕಿ ಒಣಗಿದ ಜಾಗದಲ್ಲಿಡಿ. ಕರಾವಳಿಯ ಮಳೆಗಾಲದಲ್ಲಿ ಬೇಗ ಹುಳ ಬೀಳುತ್ತದೆ, ಆಗ ಒಣ ಮರಳು ತುಂಬಿಕೊಳ್ಳಬಹುದು.