ಸ್ಟ್ರಾಸ್‌ಬರ್ಗ್ ಕೋರ್ಟು ಐರೋಪ್ಯ ಒಕ್ಕೂಟದ ಕಾನೂನಿಗೆ ಯಾವಾಗ ಮಣೆ ಹಾಕುತ್ತದೆ?

‘ಒಕ್ಕೂಟದ ಕಾನೂನು ಪಾಲಿಸಿದ್ದೇವೆ’ ಅಂತ ದೇಶವೊಂದು ಹೇಳಿಬಿಟ್ಟರೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಕೈಕಟ್ಟಿ ಕೂರುತ್ತದೆಯೇ ಎಂದು ಕೇಳಿದ್ದೀರಿ. ಕೂರುವುದಿಲ್ಲ. ಅದು ಒಕ್ಕೂಟದ ಕೋರ್ಟಲ್ಲ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯನ್ನು ದೇಶಗಳು ಪಾಲಿಸಿವೆಯೇ ಎಂದು ನೋಡುವ ಕೋರ್ಟು. ಕೇಸು ಅದರ ವ್ಯಾಪ್ತಿಯಲ್ಲೇ ಇರುತ್ತದೆ, ಪರಿಶೀಲನೆಯ ಬಿಗಿ ಮಾತ್ರ ಸಡಿಲವಾಗುತ್ತದೆ. ಅದಕ್ಕೂ ಷರತ್ತುಗಳಿವೆ.

ಇದರ ಬೇರು 2005ರ ಬಾಸ್ಫರಸ್ ತೀರ್ಪಿನಲ್ಲಿದೆ. ಟರ್ಕಿಯ ಕಂಪನಿಯೊಂದು ಯುಗೊಸ್ಲಾವಿಯಾದ ವಿಮಾನ ಸಂಸ್ಥೆಯಿಂದ ಎರಡು ಬೋಯಿಂಗ್ 737ಗಳನ್ನು ಬಾಡಿಗೆಗೆ ಪಡೆದಿತ್ತು. ಅದರಲ್ಲೊಂದು ದುರಸ್ತಿಗೆಂದು ಡಬ್ಲಿನ್‌ಗೆ ಬಂದಿದ್ದಾಗ, 1993ರಲ್ಲಿ, ಐರ್ಲೆಂಡ್ ಜಪ್ತಿ ಮಾಡಿತು. ಯುಗೊಸ್ಲಾವಿಯಾದ ಮೇಲೆ ವಿಶ್ವಸಂಸ್ಥೆ ಹೇರಿದ್ದ ನಿರ್ಬಂಧವನ್ನು ಜಾರಿಗೊಳಿಸುವ ಯುರೋಪಿನ 990/93 ನಿಯಮ ಜಪ್ತಿ ಮಾಡಲೇಬೇಕು ಅನ್ನುತ್ತಿತ್ತು. ಕಂಪನಿ ಆಸ್ತಿ ಹಕ್ಕಿನ ದೂರು ಒಯ್ದು ಸೋತಿತು. ಒಕ್ಕೂಟದ ವ್ಯವಸ್ಥೆಯೊಳಗೆ ಹಕ್ಕುಗಳಿಗೆ ಹೆಚ್ಚುಕಡಿಮೆ ಸಮಾನ ರಕ್ಷಣೆ ಇದೆ, ಆದ್ದರಿಂದ ಒಕ್ಕೂಟದ ಕಾನೂನು ಹೊರಿಸಿದ ಕರ್ತವ್ಯವನ್ನಷ್ಟೇ ಪಾಲಿಸಿದ ದೇಶ ಒಡಂಬಡಿಕೆ ಮೀರಿಲ್ಲ ಎಂದು ಭಾವಿಸಬಹುದು ಎಂಬುದು ಕೋರ್ಟಿನ ನಿಲುವು. ಇದು ಪೂರ್ವಭಾವನೆ ಅಷ್ಟೆ. ನಿರ್ದಿಷ್ಟ ಕೇಸಿನಲ್ಲಿ ರಕ್ಷಣೆ ಎದ್ದುಕಾಣುವಷ್ಟು ಕೊರತೆಯದ್ದೆಂದು ತೋರಿಸಿದರೆ ಬಿದ್ದುಹೋಗುತ್ತದೆ.

ಆದರೆ ಅದನ್ನು ಬೀಳಿಸುವ ಮಾತು ಆಮೇಲಿನದು. ವಕೀಲರು ಎಡವುವುದು ಇಲ್ಲೇ. ಮೊದಲು ನೋಡಬೇಕಾದದ್ದು ಪೂರ್ವಭಾವನೆ ಅನ್ವಯಿಸುತ್ತದೆಯೇ ಎಂದು. ದೇಶಕ್ಕೆ ಆಯ್ಕೆಯ ಅವಕಾಶವಿತ್ತೇ? ಇದ್ದರೆ ಪೂರ್ಣ ಪರಿಶೀಲನೆ. 2011ರ ಎಂ.ಎಸ್.ಎಸ್. ಕೇಸಿನಲ್ಲಿ ಬೆಲ್ಜಿಯಂ ಆಶ್ರಯ ಕೋರಿದವನನ್ನು, ಅಂಥ ಅರ್ಜಿಯನ್ನು ಯಾವ ದೇಶ ವಿಚಾರಿಸಬೇಕೆಂದು ಹೇಳುವ ಒಕ್ಕೂಟದ ಡಬ್ಲಿನ್ ನಿಯಮದಡಿ, ಗ್ರೀಸ್‌ಗೆ ಸಾಗಹಾಕಿತು. ಆದರೆ ಅರ್ಜಿಯನ್ನು ತಾನೇ ವಿಚಾರಿಸಲು ಅದೇ ನಿಯಮದಲ್ಲಿ ದಾರಿಯಿತ್ತು, ಹಾಗಾಗಿ ಬೆಲ್ಜಿಯಂಗೆ ರಿಯಾಯಿತಿ ಸಿಗಲಿಲ್ಲ. ಎರಡನೆಯದು, ಒಕ್ಕೂಟದ ಮೇಲ್ವಿಚಾರಣಾ ವ್ಯವಸ್ಥೆ ಪೂರ್ತಿ ಬಳಕೆಯಾಗಿತ್ತೇ? 2012ರ ಮಿಶೋ ಕೇಸಿನಲ್ಲಿ ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯಕ್ಕೆ ಒಕ್ಕೂಟದ ಕಾನೂನಿನ ಪ್ರಶ್ನೆ ಕಳಿಸಲೇ ಇಲ್ಲ. ಪೂರ್ವಭಾವನೆ ಅನ್ವಯಿಸಲಿಲ್ಲ. ಆದರೂ ಫ್ರಾನ್ಸ್ ಗೆದ್ದಿತು ಎನ್ನುವುದನ್ನು ಮರೆಯಬೇಡಿ: ರಿಯಾಯಿತಿ ತಪ್ಪಿದ ಮಾತ್ರಕ್ಕೆ ಅರ್ಜಿದಾರ ಗೆದ್ದ ಹಾಗಲ್ಲ.

ಪೂರ್ವಭಾವನೆ ಅನ್ವಯಿಸಿಯೂ ಬಿದ್ದದ್ದು ಮೊದಲ ಬಾರಿಗೆ 2021ರಲ್ಲಿ, ಬಿವೊಲಾರು ಮತ್ತು ಮೊಲ್ಡೊವಾನ್ ತೀರ್ಪಿನಲ್ಲಿ. ಯುರೋಪಿಯನ್ ಬಂಧನ ವಾರಂಟಿನ (ಒಕ್ಕೂಟದ ಒಂದು ದೇಶ ಬೇಕೆಂದವನನ್ನು ಇನ್ನೊಂದು ದೇಶ ಹಿಡಿದೊಪ್ಪಿಸಬೇಕೆನ್ನುವ ಆದೇಶ) ಮೇಲೆ ಫ್ರಾನ್ಸ್ ಒಬ್ಬನನ್ನು ರೊಮೇನಿಯಾಗೆ ಒಪ್ಪಿಸಿತ್ತು. ಜೈಲಿನಲ್ಲಿ ತಲಾ 2ರಿಂದ 3 ಚದರ ಮೀಟರ್ ಜಾಗವಷ್ಟೇ ಸಿಗುತ್ತದೆಂಬ ಮಾಹಿತಿ ಫ್ರೆಂಚ್ ಕೋರ್ಟಿನ ಕೈಯಲ್ಲಿತ್ತು. 3ಕ್ಕಿಂತ ಕಡಿಮೆಯಾದರೆ ಅಮಾನವೀಯ ನಡವಳಿಕೆಯ ಬಲವಾದ ಅನುಮಾನ ಹುಟ್ಟುತ್ತದೆ ಎಂದು ಸ್ಟ್ರಾಸ್‌ಬರ್ಗ್ ಮೊದಲೇ ಹೇಳಿತ್ತು. ಇಂಥ ಗಟ್ಟಿ ಅಂಕಿ ಕಡತದಲ್ಲಿದ್ದರಷ್ಟೇ ವಾದ ನಿಲ್ಲುತ್ತದೆ, ‘ಜೈಲು ಸರಿಯಿಲ್ಲ’ ಅನ್ನುವ ಸಾಮಾನ್ಯ ದೂರಿಗೆ ಬೆಲೆಯಿಲ್ಲ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ದೇಶದೊಳಗಿನ ಕೋರ್ಟಿನಲ್ಲಿ. ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸಿ ಎಂದು ಕಾರಣ ಕೊಟ್ಟು ಲಿಖಿತವಾಗಿ ಕೇಳಿ. 2016ರ ಅವೋತಿನ್ಶ್ ಕೇಸಿನಲ್ಲಿ ಅರ್ಜಿದಾರ ಹಾಗೆ ಕೇಳಿರಲಿಲ್ಲ, ಅದೇ ಅವನಿಗೆ ತಿರುಗುಬಾಣವಾಯಿತು. ಅಂತಿಮ ತೀರ್ಪಿನ ನಂತರ ಸ್ಟ್ರಾಸ್‌ಬರ್ಗ್‌ಗೆ ಹೋಗಲು ಈಗ ಇರುವುದು 4 ತಿಂಗಳು, ಮೊದಲಿನಂತೆ 6 ಅಲ್ಲ.